ಬೆಳಗಿನ ನಗೆಯ ಋಣ

ನವರಸಗಳಲ್ಲಿ ಹಾಸ್ಯಕ್ಕೆ ನಮ್ಮ ಹಿರಿಯರು ಗೌರವದ ಸ್ಥಾನವನ್ನೇ ಕೊಟ್ಟಿರುವರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಯಾವುದು ಉತ್ತಮರಿಗೆ ಒಪ್ಪುವುದು, ಯಾವುದು ಅಧಮರಿಗೆ ಸಲ್ಲುವುದು ಎಂಬುದನ್ನೂ ತಿಳಿಸಿರುವನು. ಆದರೆ ಅಲ್ಲಿ ಅಳತೆಗೆ ಸಿಕ್ಕಿರುವುದು ನಗುವವನ ತುಟಿ, ಕಣ್ಣು, ದನಿಗಳ ಚಲನೆ. ನಗಿಸುವವನಿಗೂ, ಯಾರನ್ನು ಕುರಿತು ನಗಿಸುವನೋ ಅವನಿಗೂ ನಡುವೆ ಇರತಕ್ಕ ಸಂಬಂಧವೇನು? ಒಬ್ಬನ ಮಾತಿಗೆ ಒಂದು ಊರೇ ನಕ್ಕರೆ, ಆ ಊರಿಗೆ ಅವನು ಏನಾದರೂ ಸಲ್ಲಿಸಬೇಕಾದುದು ಉಂಟೇ? ಈ ಪ್ರಶ್ನೆ ರಂಗಸ್ಥಳದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಮನೆಯ ಜಗುಲಿಯಲ್ಲಿ ಹುಟ್ಟುವಂಥದು.

ನನಗೆ ಇದು ಹೊಳೆದುದು ದೂರದ ಒಂದು ಜಗುಲಿಯಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲವನ್ನು ಅಮೆರಿಕದ ಮಿನ್ನಿಯಾಪೊಲಿಸ್ ನಗರದ ಅಂಚಿನಲ್ಲಿ, ಮಗನ ಮನೆಯಲ್ಲಿ ಕಳೆದೆನು. ಒಂದು ಬೆಳಗ್ಗೆ ಎದ್ದು ನೋಡಿದರೆ ಬೀದಿ, ಬೇಲಿ, ಮರ ಎಲ್ಲವೂ ಹಿಮದ ಕೆಳಗೆ ಅಡಗಿದ್ದವು. ಪಕ್ಕದ ಮನೆಯ ಮುದುಕರು, ಎಪ್ಪತ್ತನ್ನು ದಾಟಿದವರು, ಸಲಿಕೆಯಿಂದ ಹಿಮವನ್ನು ಸರಿಸುತ್ತ ನಮ್ಮ ಮೆಟ್ಟಿಲವರೆಗೂ ದಾರಿ ಮಾಡಿಕೊಟ್ಟರು. ಕಾಫಿಗೆ ಕರೆದಾಗ ಬಂದು ಕುಳಿತು, ತಮ್ಮ ಬಾಲ್ಯದ ಹಿಮದ ಬೆಳಗುಗಳನ್ನು ನೆನೆದರು. ಆ ಊರಿನ ಡಬ್ಲ್ಯೂಸಿಸಿಓ ಎಂಬ ಬಾನುಲಿ ನಿಲಯದಲ್ಲಿ ರೋಜರ್ ಎರಿಕ್ಸನ್ ಎಂಬ ಒಬ್ಬ ವಿನೋದಕಾರನಿದ್ದನು. ಚಾರ್ಲಿ ಬೂನ್ ಎಂಬ ಜೊತೆಗಾರನೊಡನೆ ಅವನು ಕಿರುಪ್ರಹಸನಗಳನ್ನು ನಡೆಯಿಸಿ ಜನರನ್ನು ನಗಿಸುತ್ತಿದ್ದನು. ಹಿಮ ಬಿದ್ದ ದಿನ ಅದೇ ದನಿಯಲ್ಲಿ, ಅಂದು ಮುಚ್ಚಿರುವ ಶಾಲೆಗಳ ಹೆಸರನ್ನು ಒಂದೊಂದಾಗಿ ಓದುತ್ತಿದ್ದನು. “ನಮ್ಮ ಶಾಲೆಯ ಹೆಸರು ಬರುವ ತನಕ ಅಡಿಗೆಮನೆಯಲ್ಲಿ ನಾವು ಮಕ್ಕಳು ಉಸಿರು ಬಿಡುತ್ತಿರಲಿಲ್ಲ” ಎಂದರು ಆ ಹಿರಿಯರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಈಗಲೂ ಬೆಳಗ್ಗೆ ನಗಿಸುವವರು ಬೇಕಾದಷ್ಟಿದ್ದಾರೆ. ಆದರೆ ನಮ್ಮ ಊರಿನಲ್ಲಿ ಹಿಮ ಬಿದ್ದಿರುವುದು ಅವರಲ್ಲಿ ಬಹುಮಂದಿಗೆ ತಿಳಿಯದು.”

ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನೆಟ್ಟಿತು. ಇದು ಬರಿಯ ಮುಪ್ಪಿನ ಹಳಹಳಿಕೆಯೇ, ಅಥವಾ ಇದರಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆಯೇ? ಇದನ್ನು ವಿಚಾರ ಮಾಡಬೇಕಾದರೆ ಆ ಬೆಳಗಿನ ವಿನೋದಕಾರರ ವೃತ್ತಾಂತವನ್ನು ಕೊಂಚ ತಿಳಿಯಬೇಕು.

ಅಮೆರಿಕದಲ್ಲಿ ಬೆಳಗಿನ ಬಾನುಲಿಯು ಮೊದಲು ನಗೆಗಾಗಿ ಹುಟ್ಟಿದುದಲ್ಲ. ನ್ಯೂಯಾರ್ಕಿನ ಡಬ್ಲ್ಯೂಓಆರ್ ನಿಲಯದಲ್ಲಿ ಜಾನ್ ಬಿ. ಗ್ಯಾಂಬ್ಲಿಂಗ್ ಎಂಬಾತನು ೧೯೨೫ರಲ್ಲಿ ಮಾತಿಗೆ ತೊಡಗಿದುದು ಬೆಳಗಿನ ಅಂಗಸಾಧನೆಯ ಪಾಠಕ್ಕಾಗಿ. ಕೈ ಎತ್ತಿ, ಕಾಲು ಚಾಚಿ ಎಂದು ಹೇಳುವ ನಡುನಡುವೆ ಎರಡು ಹರಟೆಯ ಮಾತು ಸೇರಿದುವು. ಬರಬರುತ್ತ ಅಂಗಸಾಧನೆ ಉದುರಿಹೋಗಿ ಹರಟೆಯೇ ಉಳಿಯಿತು. ಅವನ ತರುವಾಯ ಮಗ, ಮಗನ ತರುವಾಯ ಮೊಮ್ಮಗ, ಹೀಗೆ ೨೦೦೦ದವರೆಗೆ ಮೂರು ತಲೆಮಾರು ಅದೇ ನಿಲಯದಿಂದ ಅದೇ ನಗರವನ್ನು ಎಬ್ಬಿಸಿತು. ನಮ್ಮಲ್ಲಿ ಊರಿನ ವಾಲಗದ ವೃತ್ತಿ ತಂದೆಯಿಂದ ಮಗನಿಗೆ ಬರುವಂತೆ ಅಲ್ಲಿ ಬೆಳಗಿನ ಮಾತಿನ ವೃತ್ತಿ ಬಂದಿತು.

ವಾಷಿಂಗ್ಟನ್ ನಗರದ ಆರ್ಥರ್ ಗಾಡ್‌ಫ್ರೇ ಎಂಬವನ ಕಥೆ ಇನ್ನೂ ಅರ್ಥವತ್ತಾದುದು. ೧೯೩೧ರಲ್ಲಿ ವಾಹನದ ಅಪಘಾತಕ್ಕೆ ಸಿಕ್ಕಿ ಅವನು ತಿಂಗಳುಗಟ್ಟಲೆ ಹಾಸಿಗೆ ಹಿಡಿದನು. ಮಲಗಿದಲ್ಲಿಯೇ ಬಾನುಲಿಯನ್ನು ಕೇಳುತ್ತಿರಲು, ಉದ್ಘೋಷಕರೆಲ್ಲರೂ ದೊಡ್ಡ ಸಭೆಯೊಂದನ್ನು ಉದ್ದೇಶಿಸಿದಂತೆ ಗಂಭೀರವಾಗಿ ನುಡಿಯುವುದು ಅವನಿಗೆ ತಿಳಿದುಬಂದಿತು. ಕೇಳುವವರಾದರೋ ಸಭೆಯಲ್ಲ; ಅಡಿಗೆಮನೆಯಲ್ಲಿ ಒಬ್ಬಳು, ಹಾಸಿಗೆಯಲ್ಲಿ ಒಬ್ಬ. ಗುಣವಾಗಿ ಹಿಂದಿರುಗಿದ ಮೇಲೆ ಅವನು ಒಬ್ಬನೇ ಒಬ್ಬನಿಗೆ ಹೇಳುವಂತೆ ಮಾತನಾಡತೊಡಗಿದನು. ತನಗೆ ಹಣ ಕೊಡುವ ವರ್ತಕರ ಜಾಹೀರಾತನ್ನು ಓದುವಾಗ ನಡುವೆ ನಿಲ್ಲಿಸಿ, ಆ ಹೊಗಳಿಕೆಯನ್ನು ತಾನೇ ಹಾಸ್ಯ ಮಾಡುವನು. ವರ್ತಕರು ಮೊದಲು ಮುನಿದರು. ಸರಕು ಹೆಚ್ಚು ಮಾರಾಟವಾಗುವುದನ್ನು ಕಂಡು ಸುಮ್ಮನಾದರು.

ಬಾಸ್ಟನ್ ನಗರದಲ್ಲಿ ನಡೆದುದು ಮತ್ತೂ ಸೊಗಸಾದ ಆಕಸ್ಮಿಕ. ಎರಡನೆಯ ಮಹಾಯುದ್ಧ ಮುಗಿದ ಬಳಿಕ, ಡಬ್ಲ್ಯೂಎಚ್‌ಡಿಎಚ್ ನಿಲಯದಲ್ಲಿ ಬೆಳಗ್ಗೆ ಹಾಡಿನ ತಟ್ಟೆಗಳನ್ನು ನುಡಿಸುವ ಕೆಲಸ ಬಾಬ್ ಎಲಿಯಟ್‌ನದು, ನಡುವೆ ವಾರ್ತೆ ಓದುವ ಕೆಲಸ ರೇ ಗೌಲ್ಡಿಂಗ್‌ನದು. ವಾರ್ತೆ ಮುಗಿದ ಮೇಲೂ ರೇ ಎದ್ದುಹೋಗದೆ ಬಾಬನೊಡನೆ ಎರಡು ಮಾತು ಆಡುವನು. ಆ ಎರಡು ಮಾತೇ ಬೆಳೆದು, ೧೯೪೬ರಲ್ಲಿ ಅವರಿಬ್ಬರಿಗೂ ಬೇರೊಂದು ಕಾರ್ಯಕ್ರಮವೇ ದೊರೆಯಿತು. ೧೯೫೧ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಅವರ ಪಾತ್ರಗಳಲ್ಲಿ ವಾಲಿ ಬಲೂ ಎಂಬ ವರದಿಗಾರನೊಬ್ಬನು ಪ್ರಸಿದ್ಧ. ಯಂತ್ರದ ಗುಂಡಿ ಒತ್ತುವುದಕ್ಕೆ ಮುಂಚೆಯೇ ಅವನು ಬಾಯಿ ತೆರೆಯುವನಾದುದರಿಂದ ಅವನ ಹೆಸರಿನ ಮೊದಲಕ್ಷರಗಳು ಎಂದೂ ಯಾರಿಗೂ ಕೇಳಿಸುತ್ತಿರಲಿಲ್ಲ. ಗಮನಿಸಬೇಕಾದ ಅಂಶ ಇಷ್ಟೆ: ಅಲ್ಲಿ ನಗೆಗೆ ಗುರಿಯಾದುದು ಬಾನುಲಿಯ ಬಡಿವಾರವೇ ಹೊರತು ಬೀದಿಯಲ್ಲಿ ಹೋಗುವ ಬಡಪಾಯಿಯಲ್ಲ. ಮೂರ್ಖನ ದನಿ, ಪಂಡಿತನ ದನಿ, ಮುದುಕಿಯ ದನಿ, ಎಲ್ಲವನ್ನೂ ಅವರಿಬ್ಬರೇ ತಮ್ಮ ಗಂಟಲಿನಿಂದ ಹೊರಡಿಸುತ್ತಿದ್ದರು. ಬೀಳುವವರು ಯಾರಾದರೂ ಇದ್ದರೆ ಅವರೇ ಬೀಳುವರು.

೧೯೫೦ರ ದಶಕದಲ್ಲಿ ದೂರದರ್ಶನ ಯಂತ್ರವು ಅಲ್ಲಿನ ಮನೆಮನೆಗೂ ಬಂದು ಸಂಜೆಯ ಹೊತ್ತನ್ನು ಕಿತ್ತುಕೊಂಡಿತು. ನಾಟಕವೂ ಕಥೆಯೂ ಅದರ ಪಾಲಾದುವು. ಬಾನುಲಿಗೆ ಉಳಿದುದು ಬೆಳಗು. ಬೆಳಗ್ಗೆ ಕಣ್ಣಿಗೂ ಕೈಗೂ ಕೆಲಸವುಂಟು, ಕಿವಿಗೆ ಬಿಡುವು. ಒಬ್ಬನು ಗಡ್ಡ ಹೆರೆದುಕೊಳ್ಳುತ್ತಿರುವನು, ಒಬ್ಬಳು ಬುತ್ತಿ ಕಟ್ಟುತ್ತಿರುವಳು, ಮತ್ತೊಬ್ಬನು ಕಾರನ್ನು ನಡಸುತ್ತಿರುವನು. ೧೯೫೪ರಲ್ಲಿ ಜೇಬಿಗೆ ಹಿಡಿಸುವ ಟ್ರಾನ್ಸಿಸ್ಟರ್ ಯಂತ್ರವೂ ಬಂದಿತು. ಹೀಗೆ ಮುಂದಿನ ಮೂರು ನಾಲ್ಕು ದಶಕಗಳ ಕಾಲ ಆ ದೇಶದ ಊರೂರಿಗೂ ತನ್ನದೆನಿಸಿದ ಬೆಳಗಿನ ವಿನೋದಕಾರನಿದ್ದನು. ಯಾವ ಸೇತುವೆಯ ಮೇಲೆ ವಾಹನ ನಿಂತಿದೆ, ಯಾವ ಬೀದಿಯ ಹೊಂಡ ಇನ್ನೂ ಮುಚ್ಚಿಲ್ಲ, ನಗರಸಭೆಯವರು ನಿನ್ನೆ ಏನು ಹೇಳಿದರು, ಇವೇ ಅವನ ಹಾಸ್ಯದ ಸಾಮಗ್ರಿ. ಹತ್ತು ಮೈಲಿ ಆಚೆಯವನಿಗೆ ಆ ಮಾತು ನಗೆ ತಾರದು. ಊರಿನವನಿಗೆ ಅದು ತನ್ನ ಮನೆಯ ಮಾತು.

ನಮ್ಮ ಸಂಪ್ರದಾಯಕ್ಕೆ ಇದು ಹೊಸದಲ್ಲ. ಸಂಸ್ಕೃತ ನಾಟಕದ ವಿದೂಷಕನು ಜಾತಿಯಲ್ಲಿ ಬ್ರಾಹ್ಮಣನಾದರೂ ಆಡುವುದು ಪ್ರಾಕೃತವನ್ನು. ಯಕ್ಷಗಾನದಲ್ಲಿ ದೇವತೆಗಳೂ ರಾಜರೂ ಪುರಾಣದ ಗತ್ತಿನಲ್ಲಿ ನುಡಿಯುತ್ತಿರಲು, ಹಾಸ್ಯಗಾರನೊಬ್ಬನು ಮಾತ್ರ ಆ ರಾತ್ರಿ ಆಟ ನಡೆಯುತ್ತಿರುವ ಊರಿನ ಕೆರೆಯನ್ನೂ ಅಂಗಡಿಯನ್ನೂ ಮಾತಿಗೆ ತರುವನು. ನಗೆಗೆ ಮನೆಯ ಭಾಷೆಯೇ ಬೇಕು. ವೀರವನ್ನೂ ಕರುಣವನ್ನೂ ದೂರದಿಂದ ತರಿಸಿಕೊಳ್ಳಬಹುದು. ಹಾಸ್ಯವನ್ನು ಊರಿನಲ್ಲಿಯೇ ಬೆಳೆಯಬೇಕು.

ಆ ಬೆಳೆ ಬತ್ತಿದುದು ಹೇಗೆ? ೧೯೯೬ರವರೆಗೆ ಅಮೆರಿಕದಲ್ಲಿ ಒಬ್ಬ ಒಡೆಯನಿಗೆ ದೇಶದಲ್ಲೆಲ್ಲ ಕೂಡಿ ೪೦ಕ್ಕಿಂತ ಹೆಚ್ಚು ಬಾನುಲಿ ನಿಲಯಗಳು ಇರಕೂಡದೆಂದು ನಿಯಮವಿದ್ದಿತು. ಆ ವರ್ಷದ ದೂರಸಂಪರ್ಕ ಕಾಯಿದೆಯು ಈ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನಲ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿ ೧೨೦೦ಕ್ಕೂ ಹೆಚ್ಚು ನಿಲಯಗಳು ಸೇರಿದುವು. ಊರಿಗೊಬ್ಬ ವಿನೋದಕಾರನಿಗೆ ಸಂಬಳ ಕೊಡುವುದಕ್ಕಿಂತ, ಒಬ್ಬನ ದನಿಯನ್ನೇ ಮುದ್ರಿಸಿ ಹತ್ತು ಊರಿಗೆ ಹಂಚುವುದು ಅಗ್ಗವೆಂದು ಲೆಕ್ಕ ಹೇಳಿತು. ಎಲ್ಲಿಯೋ ಕುಳಿತವನು, ಎಂದೂ ಕಾಲಿಡದ ಊರಿನ ಬೀದಿಯ ಹೆಸರನ್ನು ಕಾಗದದಲ್ಲಿ ನೋಡಿ ಓದುವನು. ಕೇಳುವವರು ಅವನು ಪಕ್ಕದ ಬೀದಿಯಲ್ಲಿರುವನೆಂದು ನಂಬುವರು. ಮೇಲುನೋಟಕ್ಕೆ ಇದರಲ್ಲಿ ಯಾರಿಗೂ ನಷ್ಟವಿಲ್ಲ. ಹಾಸ್ಯ ಹಾಸ್ಯವೇ, ನಗೆ ನಗೆಯೇ. ಆದರೂ ನಮ್ಮ ನೆರೆಯ ಹಿರಿಯರು ಏನನ್ನೋ ಕಳೆದುಕೊಂಡವರಂತೆ ಮಾತನಾಡಿದರು. ಅವರು ಕಳೆದುಕೊಂಡುದು ನಗೆಯನ್ನಲ್ಲ, ನಗಿಸುವವನ ಹೊಣೆಯನ್ನು ಎಂದು ನನಗೆ ತೋರುವುದು. ಊರಿನ ವಿನೋದಕಾರನು ಬೆಳಗ್ಗೆ ಆಡಿದ ಮಾತಿಗೆ ಸಂಜೆ ಅಂಗಡಿಯಲ್ಲಿ ಉತ್ತರ ಹೇಳಬೇಕಾಗಿದ್ದಿತು. ಅವನ ಹಾಸ್ಯಕ್ಕೆ ಈಡಾದವನ ಮಗನೂ ಅವನ ಮಗನೂ ಒಂದೇ ಶಾಲೆಗೆ ಹೋಗುತ್ತಿದ್ದಿರಬಹುದು. ಅವನ ನಾಲಗೆಗೆ ಕಡಿವಾಣ ಹಾಕಿದುದು ಕಾಯಿದೆಯಲ್ಲ, ನಾಳೆ ಮುಖ ತೋರಿಸಬೇಕೆಂಬ ಅಳುಕು.

ಇದಕ್ಕೆ ಬಲವಾದ ಆಕ್ಷೇಪಣೆಯುಂಟು. ಅದನ್ನು ಮರೆಮಾಚಿ ಮುಂದುವರಿದರೆ ನ್ಯಾಯವಾಗದು.

ಮೊದಲನೆಯದಾಗಿ, ನೆನಪು ಬಂಗಾರದ ನೀರು ಹಾಯಿಸುವ ಅಕ್ಕಸಾಲಿಗ. ಅಂದಿನ ನಗೆಯ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿರಲಿಲ್ಲ. ಷಿಕಾಗೊ ನಗರದಲ್ಲಿ ೧೯೨೮ರಲ್ಲಿ ತೊಡಗಿ ದೇಶವನ್ನೆಲ್ಲ ನಗಿಸಿದ ‘ಏಮಸ್ ಮತ್ತು ಆಂಡಿ’ ಎಂಬ ಬಾನುಲಿ ವಿನೋದದಲ್ಲಿ, ಇಬ್ಬರು ಬಿಳಿಯರು ಕರಿಯರ ದನಿಯನ್ನು ಅಣಕಿಸಿ ಹೆಸರು ಗಳಿಸಿದರು. ಅದು ಬೆಳಗಿನ ಕಾರ್ಯಕ್ರಮವಲ್ಲವಾದರೂ ಆ ಕಾಲದ ನಗೆಯ ಜಾಯಮಾನವನ್ನು ತೋರಿಸುವುದು. ಅಣಕಕ್ಕೆ ಈಡಾದವರೂ ಅದೇ ನಗರದ ನಿವಾಸಿಗಳೇ. ನೆರೆಯಲ್ಲಿ ಇರುವುದು ಬೇರೆ, ನೆರೆಯವನೆಂದು ಎಣಿಸುವುದು ಬೇರೆ.

ಎರಡನೆಯದು ಇನ್ನೂ ಕಠಿನ. ೨೦೦೭ನೆಯ ಜನವರಿಯಲ್ಲಿ, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದ ಒಂದು ನಿಲಯದ ಬೆಳಗಿನ ವಿನೋದಕಾರರು ಕೇಳುಗರಿಗೆ ಒಂದು ಪಂದ್ಯವನ್ನೇರ್ಪಡಿಸಿದರು. ಮೂತ್ರವಿಸರ್ಜನೆಗೆ ಏಳದೆ ಹೆಚ್ಚು ನೀರು ಕುಡಿದವರಿಗೆ ಒಂದು ಆಟದ ಯಂತ್ರ ಬಹುಮಾನ. ಇದು ಅಪಾಯವೆಂದು ದಾದಿಯೊಬ್ಬಳು ನಿಲಯಕ್ಕೆ ದೂರವಾಣಿಯಲ್ಲಿ ಎಚ್ಚರಿಸಿದಳು. ಆ ಎಚ್ಚರಿಕೆಯೂ ನಗೆಯಲ್ಲಿ ತೇಲಿಹೋಯಿತು. ಮಕ್ಕಳಿಗಾಗಿ ಆ ಯಂತ್ರವನ್ನು ಗೆಲ್ಲಬಂದ ತಾಯಿಯೊಬ್ಬಳು ಅಂದೇ ತೀರಿಕೊಂಡಳು. ೨೦೦೯ರಲ್ಲಿ ನ್ಯಾಯಾಲಯದ ಪಂಚರು ಆಕೆಯ ಕುಟುಂಬಕ್ಕೆ ೧ ಕೋಟಿ ೬೫ ಲಕ್ಷಕ್ಕೂ ಮೀರಿದ ಡಾಲರುಗಳನ್ನು ಕೊಡಬೇಕೆಂದು ತೀರ್ಮಾನಿಸಿದರು. ಇಲ್ಲಿ ನಗಿಸುವವರೂ ಮಡಿದವಳೂ ಒಂದೇ ಸೀಮೆಯವರು, ಒಂದೇ ಕಟ್ಟಡದಲ್ಲಿ ಇದ್ದವರು. ಸಾಮೀಪ್ಯವೇ ನಗೆಯನ್ನು ಕಾಯುವುದಾದರೆ ಇಲ್ಲೇಕೆ ಕಾಯಲಿಲ್ಲ?

ನಮ್ಮ ಭಾರತಕಥೆಯೂ ಇದನ್ನೇ ಕೇಳುವುದು. ಮಯನು ಕಟ್ಟಿದ ಸಭೆಯಲ್ಲಿ ನೀರನ್ನು ನೆಲವೆಂದು ಬಗೆದು ದುರ್ಯೋಧನನು ಬಿದ್ದಾಗ ನಕ್ಕವರು ಪರದೇಶಿಗಳಲ್ಲ, ದಾಯಾದಿಗಳು. ಆ ನಗೆ ಕುರುಕ್ಷೇತ್ರದವರೆಗೆ ಅವನ ಕಿವಿಯಲ್ಲಿ ನಿಂತಿತು. ಹತ್ತಿರದವರ ನಗೆಯೇ ಆಳಕ್ಕೆ ಇಳಿಯುವುದು.

ಆದುದರಿಂದ ನನ್ನ ಮೊದಲ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಹತ್ತಿರವಿರುವುದು ಸಾಲದು. ನಗಿಸುವವನು ತನ್ನನ್ನು ಎಲ್ಲಿ ನಿಲ್ಲಿಸಿಕೊಂಡಿರುವನು ಎಂಬುದೇ ಮುಖ್ಯವಾದುದು. ಹಾಸ್ಯವು ಆತ್ಮಸ್ಥವೆಂದೂ ಪರಸ್ಥವೆಂದೂ ಎರಡು ಬಗೆಯೆಂದು ಭರತನು ಹೇಳಿರುವನು. ತಾನು ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದನ್ನು ಸೇರಿಸಲು ಮನಸ್ಸಾಗುವುದು: ಪರರು ನಗಲೆಂದು ತನ್ನನ್ನೇ ಒಡ್ಡಿಕೊಳ್ಳುವುದು. ಬಾಸ್ಟನ್ನಿನ ಇಬ್ಬರು ಮಾಡಿದುದು ಇದನ್ನೇ. ತನಗೆ ಅನ್ನ ಕೊಡುವ ವರ್ತಕನನ್ನು ಹಾಸ್ಯ ಮಾಡಿದ ಗಾಡ್‌ಫ್ರೇ ಕೂಡ ತನ್ನ ಅನ್ನವನ್ನೇ ಪಣವಾಗಿಟ್ಟನು. ಸ್ಯಾಕ್ರಮೆಂಟೊ ನಗರದವರಾದರೋ ಮೈಕಿನ ಮುಂದೆ ಸುಖವಾಗಿ ಕುಳಿತು, ಸಂಕಟವನ್ನು ಪರರಿಗೆ ಹಂಚಿ, ಅದನ್ನು ನೋಡಿ ನಕ್ಕರು. ಎರಡೂ ಬೆಳಗಿನ ವಿನೋದವೇ. ಒಂದರಲ್ಲಿ ನಗಿಸುವವನಿಗೆ ಏನಾದರೂ ಖರ್ಚಾಗುವುದು, ಮತ್ತೊಂದರಲ್ಲಿ ಎಲ್ಲ ಖರ್ಚೂ ಇನ್ನೊಬ್ಬನದು.

ಗಾಡ್‌ಫ್ರೇಯ ಮುಂದಿನ ಕಥೆಯೇ ಇದಕ್ಕೆ ಸಾಕ್ಷಿ. ವಾಷಿಂಗ್ಟನ್ನಿನ ಬೆಳಗಿನಿಂದ ಹೊರಟ ಅವನು ೧೯೪೫ರ ತರುವಾಯ ದೇಶಕ್ಕೆಲ್ಲ ಕೇಳಿಸುವವನಾದನು. ೧೯೫೩ನೆಯ ಅಕ್ಟೋಬರಿನಲ್ಲಿ, ತನ್ನ ಬೆಳಗಿನ ಕಾರ್ಯಕ್ರಮ ನಡೆಯುತ್ತಿರುವಾಗಲೇ, ಲಕ್ಷಾಂತರ ಜನ ಕೇಳುತ್ತಿರಲು, ಜೂಲಿಯಸ್ ಲಾ ರೋಸಾ ಎಂಬ ತನ್ನ ತರುಣ ಗಾಯಕನನ್ನು ಕೆಲಸದಿಂದ ತೆಗೆದುಹಾಕಿದನು. ಆ ಹುಡುಗನಿಗೆ ವಿನಯ ಹೋಗಿದೆ ಎಂದು ಆಮೇಲೆ ಪತ್ರಿಕೆಯವರಿಗೆ ಕಾರಣ ಕೊಟ್ಟನು. ಒಬ್ಬನೊಡನೆ ಒಬ್ಬನಂತೆ ಮಾತನಾಡಿ ದೊಡ್ಡವನಾದವನು ದೊಡ್ಡವನಾದ ಮೇಲೆ ಒಬ್ಬನನ್ನು ಲಕ್ಷ ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದನು. ಆ ದಿನದಿಂದ ಅವನ ನಗೆಯಲ್ಲಿ ಜನರಿಗೆ ಮೊದಲಿನ ನಂಬಿಕೆ ಉಳಿಯಲಿಲ್ಲ. ಜನರು ನಕ್ಕು ಕೊಟ್ಟ ಪ್ರೀತಿಯು ಸಾಲವೆಂಬುದನ್ನು ಅವನು ಮರೆತು, ಅದನ್ನು ಆಸ್ತಿಯೆಂದು ಬಗೆದನು.

ಹತ್ತಿರವಿರುವುದು ಸಾಲದು ಎಂದ ಮಾತ್ರಕ್ಕೆ ದೂರವಿರುವುದು ನಿರಪಾಯವೆಂದಾಗದು. ೨೦೧೨ನೆಯ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಇಬ್ಬರು ಬಾನುಲಿ ವಿನೋದಕಾರರು, ರಾಜಮನೆತನದವರ ದನಿಯನ್ನು ಅಣಕಿಸಿ ಲಂಡನ್ನಿನ ಒಂದು ಆಸ್ಪತ್ರೆಗೆ ದೂರವಾಣಿ ಮಾಡಿದರು. ಅವರದು ಬೆಳಗಿನ ಕಾರ್ಯಕ್ರಮವಲ್ಲ. ಲಂಡನ್ನಿನಲ್ಲಿ ಮಾತ್ರ ಆಗ ಬೆಳಗು ಹರಿಯುವುದಕ್ಕೆ ಮುಂಚಿನ ಹೊತ್ತು. ಕರೆಯನ್ನು ತೆಗೆದುಕೊಂಡವಳು ನಮ್ಮ ಕರಾವಳಿಯ ಕಡೆಯ ಕುಟುಂಬಕ್ಕೆ ಸೇರಿದ ಒಬ್ಬ ದಾದಿ. ಆಕೆ ನಂಬಿ ಕರೆಯನ್ನು ಒಳಕ್ಕೆ ಕಳುಹಿಸಿದಳು. ಜಗತ್ತೆಲ್ಲ ನಕ್ಕಿತು. ಮೂರು ದಿನಗಳ ಮೇಲೆ ಆಕೆ ಬದುಕಿರಲಿಲ್ಲ. ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದಳು. ಆ ವಿನೋದಕಾರರು ಕೊಲೆಗಡುಕರೆಂದು ನಾನು ಹೇಳಲಾರೆ. ಅವರೂ ಅತ್ತು ಕ್ಷಮೆ ಬೇಡಿದರು. ಅವರಿಗೆ ಆಕೆ ಒಂದು ದನಿಯಾಗಿದ್ದಳು, ಮುಖವಾಗಿರಲಿಲ್ಲ. ಆಕೆಯನ್ನು ಅವರು ಮರುದಿನ ಬೀದಿಯಲ್ಲಿ ಕಾಣಬೇಕಾಗಿರಲಿಲ್ಲ. ಆಕೆಯ ಶವವು ಕಡಲು ದಾಟಿ ಉಡುಪಿಯ ಸೀಮೆಗೆ ಬಂದಾಗ ಮಾತ್ರ, ಸಾವಿರಾರು ಮೈಲಿಯ ಆಚೆಯ ಒಂದು ನಗೆ ನಮ್ಮೂರಿನ ಅಳುವಾಗಿ ಮುಗಿಯಿತು.

ಈ ಮಾತು ನಮಗೆ ಹೊರತಾದುದಲ್ಲ. ಆಕಾಶವಾಣಿ ಎಂಬ ಹೆಸರೇ ೧೯೩೫ರಲ್ಲಿ ಮೈಸೂರಿನಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡಸಿದ ಚಿಕ್ಕ ನಿಲಯಕ್ಕೆ ಇಟ್ಟುದು; ಅಂದರೆ ನಮ್ಮ ಬಾನುಲಿ ಹುಟ್ಟಿದುದೇ ನೆರೆಹೊರೆಯ ವಸ್ತುವಾಗಿ. ೨೦೦೧ರಲ್ಲಿ ದೇಶದ ಮೊದಲ ಖಾಸಗಿ ಎಫ್. ಎಂ. ನಿಲಯವು ಬೆಂಗಳೂರಿನಲ್ಲಿ ತೊಡಗಿತು. ಅಲ್ಲಿಂದ ನಮ್ಮ ಮಕ್ಕಳು ಮೊಮ್ಮಕ್ಕಳು ಬೆಳಗಿನ ವಿನೋದವನ್ನು ಕನ್ನಡದಲ್ಲಿಯೇ ಕೇಳುವಂತಾಯಿತು. ಅದನ್ನು ನಾನು ಸಂತೋಷದಿಂದ ಕೇಳಿದವನೇ. ಬಸ್ಸಿಗಾಗಿ ನಿಂತವರು, ಹಾಲು ಮಾರುವವರು, ಒಲೆಯ ಮುಂದಿರುವವರು, ಒಂದೇ ಗಳಿಗೆಯಲ್ಲಿ ಒಂದೇ ಮಾತಿಗೆ ನಕ್ಕರೆ, ಊರಿಗೆ ಆ ಗಳಿಗೆಯಲ್ಲಿ ಒಂದು ಮನಸ್ಸು ಬಂದಂತಾಗುವುದು. ಆದರೆ ಗುರುತು ಮರೆಸಿ ದೂರವಾಣಿ ಮಾಡಿ, ಅರಿಯದವನನ್ನು ಗಾಬರಿಗೊಳಿಸಿ, ಅವನ ತೊದಲುವಿಕೆಯನ್ನು ಊರಿಗೆಲ್ಲ ಕೇಳಿಸುವ ವಿನೋದವೂ ಅದೇ ಯಂತ್ರದಿಂದ ಬಂದಿತು. ನಮ್ಮ ಬಂಧುಗಳಲ್ಲಿ ಒಬ್ಬರಿಗೆ ಇಂಥ ಕರೆಯೊಂದು ಬಂದಿದ್ದಿತು. ಮಗನಿಗೆ ಏನೋ ಆಗಿದೆ ಎಂದು ಮೊದಲು ಹೆದರಿಸಿ, ಆಮೇಲೆ ಹಾಸ್ಯವೆಂದು ತಿಳಿಸಿದರಂತೆ. ಆಕೆಯೂ ಎಲ್ಲರೊಡನೆ ನಕ್ಕಳು. ಆದರೆ ದೂರವಾಣಿಯ ಗಂಟೆ ಬಾರಿಸಿದಾಗಲೆಲ್ಲ ಆಕೆಯ ಕೈ ನಡುಗುವುದು ಬಹಳ ದಿನ ನಿಲ್ಲಲಿಲ್ಲ. ಆ ನಡುಕವನ್ನು ಯಾವ ನಿಲಯವೂ ಪ್ರಸಾರ ಮಾಡಲಿಲ್ಲ. ಅಂದು ಆ ಕಾರ್ಯಕ್ರಮವನ್ನು ಕೇಳಿ ನಕ್ಕವರಲ್ಲಿ ನಾನೂ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ಯಾರ ದನಿಯೆಂದು ನನಗೆ ಗೊತ್ತಾದುದು ನಕ್ಕು ಮುಗಿದ ಮೇಲೆ.

ನಗಿಸುವವನಿಗೆ ಹೊಣೆಯಿರುವಂತೆ ನಗುವವನಿಗೂ ಹೊಣೆಯುಂಟೆಂಬುದನ್ನು ಅಂದು ಕಲಿತೆನು. ಕೇಳುವ ಕಿವಿ ಇರದಿದ್ದರೆ ಆಡುವ ಬಾಯಿ ಇರದು. ಅದು ಯಾರ ದನಿಯೆಂದು ಮೊದಲೇ ತಿಳಿದಿದ್ದರೆ ನಾನು ನಗುತ್ತಿದ್ದೆನೆ? ನಗುತ್ತಿರಲಿಲ್ಲವೆಂದಾದರೆ, ತಿಳಿಯದೆ ನಕ್ಕುದೂ ಸರಿಯಾಗದು. ಅರಿಯದವರ ದನಿಗೂ ಎಲ್ಲಿಯೋ ಒಬ್ಬ ಬಂಧುವಿರುವನು.

ಮಿನ್ನಿಯಾಪೊಲಿಸಿನ ಹಿರಿಯರು ನೆನೆದುದು ಎಂತಹ ಹಾಸ್ಯವನ್ನು ಎಂದು ನಾನು ಅವರನ್ನು ಕೇಳಿದ್ದೆನು. ಆಶ್ಚರ್ಯವೆಂದರೆ, ಅವರಿಗೆ ಒಂದು ಹಾಸ್ಯವೂ ನೆನಪಾಗಲಿಲ್ಲ. ನೆನಪಿನಲ್ಲಿ ಉಳಿದುದು ಶಾಲೆಗಳ ಪಟ್ಟಿ ಮಾತ್ರ, ಮತ್ತು ಅದನ್ನು ಓದುತ್ತಿದ್ದವನ ದನಿಯಲ್ಲಿದ್ದ ಸಣ್ಣ ನಗೆ. ಅರವತ್ತು ವರ್ಷಗಳ ಮೇಲೂ ಆ ನಗೆ ಅವರಿಗೆ ಬೆಚ್ಚಗಿದ್ದಿತು, ಏಕೆಂದರೆ ಅದು ಅವರನ್ನು ಕುರಿತು ನಕ್ಕುದಲ್ಲ, ಅವರೊಡನೆ ಅದೇ ಹಿಮದಲ್ಲಿ ನಿಂತು ನಕ್ಕುದು. ಅಷ್ಟು ಹೇಳಿ ಅವರು ಕಾಫಿಯ ಬಟ್ಟಲನ್ನು ಕೆಳಗಿಟ್ಟು, ಸಲಿಕೆಯನ್ನು ಹೆಗಲಿಗೇರಿಸಿ, ಎದುರು ಮನೆಯ ಮುದುಕಿಯ ಮೆಟ್ಟಿಲಿನ ಕಡೆಗೆ ಹೊರಟರು.